ಹಳೆ ಕಾರಿಗೆ ಬಣ್ಣ ಹೊಡೆಯುವ ಮೊದಲು

ಕಳೆದ ವರ್ಷ ನಾನೊಂದು ಹಳೆ ಕಾರು ಕೊಂಡೆ. 1969ರ ಫಿಯೆಟ್ 1100 ಡಿಲೈಟ್. ಕೊಂಡೆ ಅನ್ನುವುದಕ್ಕಿಂತ ಹೊತ್ತು ತಂದೆ ಅನ್ನುವುದೇ ಸರಿ. ಬದಿಯಡ್ಕ ಕಡೆಯ ಒಂದು ತೋಟದ ಮನೆಯ ಶೆಡ್ಡಿನಲ್ಲಿ ಅದು 18 ವರ್ಷ ನಿಂತಲ್ಲೇ ನಿಂತಿತ್ತು. ಮೇಲೆ ಅಡಿಕೆ ಗೋಣಿ, ಒಳಗೆ ಕೋಳಿ. ನಾಲ್ಕೂ ಟಯರು ನೆಲಕ್ಕೆ ಅಂಟಿಹೋಗಿದ್ದವು. ರಿಕವರಿ ವ್ಯಾನಿನ ಮೇಲೆ ಹೇರಿಕೊಂಡು ಹೊಸಂಗಡಿಗೆ ತಂದು, ನಮ್ಮ ಜೀನಸು ಅಂಗಡಿಯ ಹಿಂದಿನ ಜಾಗದಲ್ಲಿ ಇಳಿಸುವಾಗ ಅಸರ್ ಕಳೆದಿತ್ತು.

ಮಗ್ರಿಬ್ ಆಗುವಷ್ಟರಲ್ಲಿ ಊರಿನ ಅರ್ಧ ಜನ ಬಂದು ನೋಡಿ ಹೋದರು. ಬಂದವರೆಲ್ಲ ಒಂದೊಂದು ಸಲಹೆ ಕೊಟ್ಟೇ ಹೋದರು. ಒಬ್ಬರು ಕೆಂಪು ಹೊಡೆಸು ಅಂದರು. ಇನ್ನೊಬ್ಬರು ಮ್ಯಾಟ್ ಬ್ಲ್ಯಾಕ್. ದುಬೈಯಲ್ಲಿರುವ ದೋಸ್ತಿ ವೀಡಿಯೋ ಕಾಲ್‌ನಲ್ಲೇ ಅಲಾಯ್ ಚಕ್ರದ ಡಿಸೈನ್ ಆರಿಸಿಕೊಟ್ಟ. "ಮದುವೆಗೆ ಬಾಡಿಗೆಗೆ ಬಿಡು ಮಾರಾಯ, ಫೋಟೋಶೂಟ್‌ನವರು ಮುಗಿಬೀಳ್ತಾರೆ" ಅಂತ ಒಬ್ಬ ವ್ಯಾಪಾರದ ಲೆಕ್ಕವನ್ನೂ ಹೇಳಿದ. ಎಲ್ಲರೂ ಕೊನೆಗೆ ಹೇಳಿದ ಮಾತು ಒಂದೇ: "ಒಟ್ಟಾರೆ ಒರಿಜಿನಲ್ ಲುಕ್ ಬರಬೇಕು."

ಈ 'ಒರಿಜಿನಲ್ ಲುಕ್' ಅನ್ನುವ ಮಾತಿನ ಬಗ್ಗೆಯೇ ನನ್ನ ತಕರಾರು. ಹಳೆ ಕಾರಿಗೆ ಹೊಳಪು ಬಂದರೆ ಅದನ್ನೇ ಒರಿಜಿನಲ್ ಅಂತ ನಾವು ಕರೆಯುತ್ತೇವೆ. ಆದರೆ ಹೊಳಪು ಬೇರೆ, ಮೂಲ ರೂಪ ಬೇರೆ. ನಮ್ಮ ಕಡೆ ರಿಸ್ಟೋರ್ ಮಾಡಿದ ಹೆಚ್ಚಿನ ಕಾರುಗಳಲ್ಲಿ ಹೊಳಪು ಬಂದಿದೆ, ಕಾರು ಹೋಗಿದೆ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ ಕೆಲವು ವರ್ಷ ಗಲ್ಫಿನ ವರ್ಕ್‌ಶಾಪಿನಲ್ಲಿ ದುಡಿದು ಬಂದವನಾಗಿ ಇದನ್ನು ಹೇಳುತ್ತಿದ್ದೇನೆ. ನಾನೂ ಅದೇ ತಪ್ಪು ಮಾಡಲು ಹೊರಟಿದ್ದವನೇ.

ಮೊದಲು ಕಾರಿನ ಜಾತಕ ಹೇಳುತ್ತೇನೆ. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಶುರುಮಾಡಿದ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿ ಬೊಂಬಾಯಿಯ ಕುರ್ಲಾದಲ್ಲಿ ಇಟಲಿಯ ಫಿಯೆಟ್ ಕಾರುಗಳನ್ನು ತಯಾರಿಸುತ್ತಿತ್ತು. 1964ರ ಸುಮಾರಿಗೆ 1100 ಡಿ ಮಾದರಿ ಬಂತು. ಅದಕ್ಕೆ ಇಲ್ಲಿ ಡಿಲೈಟ್ ಅಂತ ಹೆಸರಾಯಿತು. 1970ರ ದಶಕದ ಆರಂಭದಲ್ಲಿ ಅದೇ ಕಾರು ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, 1974ರಿಂದ ಪ್ರೀಮಿಯರ್ ಪದ್ಮಿನಿ. 1089 ಸಿಸಿ ಪೆಟ್ರೋಲ್ ಎಂಜಿನ್, ಸ್ಟಿಯರಿಂಗ್ ಪಕ್ಕದಲ್ಲೇ ಗೇರ್ ಕಡ್ಡಿ, ಮುಂದೆ ಬೆಂಚಿನಂಥ ಒಂದೇ ಸೀಟು, ಬಾಗಿಲಿನ ಮೂಲೆಯಲ್ಲಿ ತಿರುಗಿಸಿ ಗಾಳಿ ಬಿಟ್ಟುಕೊಳ್ಳುವ ತ್ರಿಕೋನದ ಗಾಜು. ಬೊಂಬಾಯಿಗೆ ದುಡಿಯಲು ಹೋದ ನಮ್ಮ ಹಿರಿಯರಿಗೆಲ್ಲ ಇದು ಟ್ಯಾಕ್ಸಿಯಾಗಿ ಗೊತ್ತು. ಆ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ಕೊನೆಗೆ ರಸ್ತೆಯಿಂದ ಪೂರ್ತಿ ಇಳಿದವು.

ಹೀಗೆ ಒಂದೇ ಮೈಕಟ್ಟಿನ ಕಾರು 35 ವರ್ಷದಷ್ಟು ಕಾಲ ಬಂದದ್ದು ರಿಸ್ಟೋರ್ ಮಾಡುವವನಿಗೆ ವರವೂ ಹೌದು, ಶಾಪವೂ ಹೌದು. ವರ ಯಾಕೆಂದರೆ ಸ್ಪೇರ್ ಸಿಗುತ್ತದೆ. ಶಾಪ ಯಾಕೆಂದರೆ ಸಿಕ್ಕಿದ್ದೆಲ್ಲ ಕೂರುತ್ತದೆ! ಡಿಲೈಟ್‌ಗೆ ಪದ್ಮಿನಿಯ ಗ್ರಿಲ್, ಪದ್ಮಿನಿಯ ಹಿಂದಿನ ಲೈಟ್, ಪದ್ಮಿನಿಯ ಸೀಟು. ಕೊನೆಗೆ ಅದು ಯಾವ ವರ್ಷದ ಕಾರೂ ಅಲ್ಲ. ನನ್ನ ಕಾರಿಗೂ ಯಾವಾಗಲೋ ಪದ್ಮಿನಿಯ ಗ್ರಿಲ್ ಬಂದು ಕೂತಿತ್ತು. ನಾನು ಅದನ್ನೇ ಒರಿಜಿನಲ್ ಅಂದುಕೊಂಡು ಪಾಲಿಶ್ ಮಾಡಿ ಇಟ್ಟಿದ್ದೆ.

ಇನ್ನು ನನ್ನ ತಪ್ಪಿನ ಕಥೆ. ಅವಸರದಲ್ಲಿ ಕಾರನ್ನು ತಲಪಾಡಿಯ ಆಚೆಗಿನ ಒಂದು ವರ್ಕ್‌ಶಾಪಿಗೆ ಟಿಂಕರಿಂಗ್‌ಗೆ ಕೊಟ್ಟೆ. "ಒರಿಜಿನಲ್ ಲುಕ್ ಬರಬೇಕು" ಅಂತ ನಾನೇ ಹೇಳಿ ಬಂದಿದ್ದೆ. ಮೂರನೇ ದಿನ ಹೋಗಿ ನೋಡುತ್ತೇನೆ, ಬದಿಯ ಬೀಡಿಂಗ್ ಪಟ್ಟಿ ಇಲ್ಲ, ಚಕ್ರದ ಕ್ಯಾಪ್ ಇಲ್ಲ, ಬಾಗಿಲಿನ ಹಿಡಿ ಇಲ್ಲ. "ಅದೆಲ್ಲ ಹಳೆ ಸಾಮಾನಲ್ಲವಾ, ಗುಜರಿಗೆ ಹೋಯ್ತು. ಹೊಸತು ಹಾಕಿ ಕೊಡ್ತೇವೆ" ಅಂದರು. ಅವರ ಮುಖದಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ. ನಾನು ಹೇಳಿದ್ದನ್ನೇ ಅವರು ಮಾಡಿದ್ದರು. ಅವರ ಲೆಕ್ಕದಲ್ಲಿ ಒರಿಜಿನಲ್ ಅಂದರೆ ಹೊಸತು. ಗುಜರಿ ಅಂಗಡಿಗೆ ಓಡಿ ರಾಶಿಯಲ್ಲಿ ಹುಡುಕಿದೆ. ಬೀಡಿಂಗ್ ಪಟ್ಟಿಯೆಲ್ಲ ಸಿಕ್ಕಿತು, ಒಂದು ಮಾತ್ರ ನಡುವೆ ಮುರಿದಿತ್ತು. ನಾಲ್ಕು ಕ್ಯಾಪಿನಲ್ಲಿ ಎರಡೇ ಸಿಕ್ಕಿದವು. ಬಾಗಿಲಿನ ಹಿಡಿಗಳು ಅಷ್ಟರಲ್ಲಿ ಲೋಡಿನಲ್ಲಿ ಹೋಗಿಬಿಟ್ಟಿದ್ದವು. ಅದೇ ದಿನ ಕಾರನ್ನು ವಾಪಸು ತಂದೆ.

ಆಮೇಲೆ ಒಂದು ತಿಂಗಳು ಸುಮ್ಮನೆ ಓದಿದೆ. ಹಳೆ ವಾಹನಗಳಿಗೆ ಫಿವಾ ಅಂತ ಒಂದು ಅಂತಾರಾಷ್ಟ್ರೀಯ ಒಕ್ಕೂಟ ಇದೆ, 1966ರಲ್ಲಿ ಶುರುವಾದದ್ದು. ಹಳೆ ವಾಹನವನ್ನು ಹೇಗೆ ಉಳಿಸಬೇಕು ಅಂತ ಅವರು ಮಾಡಿಕೊಂಡ ಒಂದು ಸನ್ನದು ಇದೆ. ಹೆಸರು ಟುರಿನ್ ಚಾರ್ಟರ್. ಟುರಿನ್ ಅಂದರೆ ಫಿಯೆಟ್ ಕಂಪನಿ ಹುಟ್ಟಿದ ಊರು. ಅದರ ಸಾರ ಇಷ್ಟು: ಇರುವುದನ್ನು ಉಳಿಸುವುದು ಮೊದಲ ಕೆಲಸ, ಹೊಸದಾಗಿ ಮಾಡುವುದು ಕೊನೆಯ ಕೆಲಸ. ಬದಲಿಸಿದರೆ ಬದಲಿಸಿದ್ದು ಗೊತ್ತಾಗುವಂತೆ ಗುರುತು ಇರಬೇಕು, ಮಾಡಿದ್ದಕ್ಕೆಲ್ಲ ಬರವಣಿಗೆಯ ದಾಖಲೆ ಇರಬೇಕು. ವಾಹನ ತನ್ನ ಬದುಕಿನಲ್ಲಿ ಕಂಡ ಬದಲಾವಣೆಗಳೂ ಅದರ ಚರಿತ್ರೆಯೇ.

ನಮ್ಮ ದೇಶದ ಕಾನೂನು ಕೂಡ ಈಗ ಈ ಕಡೆ ಸ್ವಲ್ಪ ನೋಡುತ್ತಿದೆ. 2021ರ ಜುಲೈಯಲ್ಲಿ ಬಂದ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಮಾಡದೆ ಮೂಲ ರೂಪದಲ್ಲಿ ಉಳಿಸಿಕೊಂಡ ಕಾರು, ಬೈಕುಗಳಿಗೆ ವಿಂಟೇಜ್ ಮಾನ್ಯತೆ ಇದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ನಂಬರಿನಲ್ಲಿ ವಿಎ ಅಕ್ಷರ ಬರುತ್ತದೆ. ಮೊದಲೇ ನೋಂದಣಿ ಇದ್ದ ಕಾರು ತನ್ನ ಹಳೆ ನಂಬರನ್ನೇ ಉಳಿಸಿಕೊಳ್ಳಬಹುದು. ದಿನನಿತ್ಯದ ಓಡಾಟಕ್ಕೂ ವ್ಯಾಪಾರಕ್ಕೂ ಬಳಸುವಂತಿಲ್ಲ. ಮದುವೆ ಬಾಡಿಗೆಯ ಐಡಿಯಾ ಕೊಟ್ಟ ದೋಸ್ತಿ ಇದನ್ನು ಓದಲಿ.

ನನ್ನ ಕಾರಿನ ನಂಬರ್ ಕಣ್ಣೂರಿನದು. ಕಾಸರಗೋಡು ಜಿಲ್ಲೆಯಾದದ್ದು 1984ರಲ್ಲಿ, ಅದಕ್ಕೆ ಮೊದಲು ನಾವು ಕಣ್ಣೂರು ಜಿಲ್ಲೆಯವರು. ಅದಕ್ಕೂ ಮೊದಲು, 1956ರ ತನಕ, ಮಂಗಳೂರಿನವರ ಜೊತೆ ದಕ್ಷಿಣ ಕನ್ನಡದವರು. ಕಾರಿನ ನಂಬರ್ ಪ್ಲೇಟ್ ಒಂದೇ ನಮ್ಮ ಊರಿನ ಅಷ್ಟು ಕಥೆ ಹೇಳುತ್ತದೆ. ಅದನ್ನು ಕೆಎಲ್ 14 ಮಾಡಿಸು, ಫ್ಯಾನ್ಸಿ ನಂಬರ್ ತೆಗೆಸು ಅಂದವರೂ ಇದ್ದಾರೆ. ನಾನು ಒಪ್ಪಲಿಲ್ಲ.

ಕಾರು ವಾಪಸು ಬಂದ ಮೇಲೆ ಒಬ್ಬ ಪೈಂಟರ್ ಅಣ್ಣನನ್ನು ಕರೆತಂದೆ. ತುಳುವಿನಲ್ಲಿ ಮಾತು, ಕೈಯಲ್ಲಿ ಸದಾ ವಾಟರ್ ಪೇಪರ್. ಅವರಿಗೆ ನಾನು ಹೇಳಿದ್ದು ಒಂದೇ, "ಅಣ್ಣ, ಹೊಡೆಯುವುದು ಆಮೇಲೆ. ಮೊದಲು ಓದುವ." ಡಿಕ್ಕಿಯ ಬಾಗಿಲಿನ ಒಳಮೈಯಲ್ಲಿ ಅಂಗೈಯಷ್ಟು ಜಾಗವನ್ನು ನೀರು ಹಾಕಿ ಮೆಲ್ಲನೆ ಉಜ್ಜಿದರು. ಮರ ಕಡಿದಾಗ ಕಾಣುವ ಉಂಗುರದ ಹಾಗೆ ಒಂದೊಂದೇ ಬಣ್ಣ ಎದ್ದು ಬಂತು. ಮೇಲೆ ಬಿಳಿ. ಅದರ ಕೆಳಗೆ ತಿಳಿ ಹಸಿರು. ಹಸಿರಿನ ಕೆಳಗೆ ಬೂದು. ಬೂದಿನ ಕೆಳಗೆ ಪ್ರೈಮರ್, ಆಮೇಲೆ ತಗಡು. ಹಿಂದಿನ ಸೀಟು ಎತ್ತಿ ನೋಡಿದರೆ ಅಲ್ಲಿ ಬೂದು ಮಾತ್ರ, ಬಿಸಿಲು ಕಾಣದ ಬೂದು. ಡ್ಯಾಶ್‌ಬೋರ್ಡಿನ ಅಡಿಯಲ್ಲೂ ಬೂದು. ಅಲ್ಲಿಗೆ ವಿಷಯ ಇತ್ಯರ್ಥವಾಯಿತು ಅಂದುಕೊಂಡೆ.

ಆಗಲಿಲ್ಲ. ರಾತ್ರಿ ಅಂಗಡಿ ಮುಚ್ಚಿ ಬಂದ ಉಪ್ಪ ಟಾರ್ಚ್ ಹಿಡಿದು ಕಾರಿನ ಸುತ್ತ ಒಂದು ಸುತ್ತು ಬಂದರು. "ಮೋನೆ, ಇದು ಬೂದು ಅಲ್ಲ, ಹಸಿರು" ಅಂದರು.

ಅವರಿಗೆ ಗೊತ್ತಿರುವುದಕ್ಕೆ ಕಾರಣ ಇತ್ತು. ನಾನು ಕಾರಿನ ಮನೆತನದ ಹೆಸರು ಹೇಳಿದಾಗಲೇ ಅವರ ಮುಖ ಬದಲಾಗಿತ್ತು. ಆ ಕಾಲಕ್ಕೆ ನಮ್ಮ ಸುತ್ತಿನಲ್ಲಿ ಕಾರಿದ್ದ ಮನೆ ಬೆರಳೆಣಿಕೆ. ಮದುವೆ ಅಂದರೆ ಪುದಿಯಾಪ್ಲೆಯನ್ನು ಕರೆದೊಯ್ಯಲು ಆ ಮನೆಗಳಿಂದ ಕಾರು ಕೇಳಿ ತರುತ್ತಿದ್ದರು, ಪೆಟ್ರೋಲ್ ಹಾಕಿ ಡ್ರೈವರನಿಗೆ ಊಟ ಕೊಟ್ಟರೆ ಸಾಕು. 1983ರಲ್ಲಿ ಉಪ್ಪ ಪುದಿಯಾಪ್ಲೆಯಾಗಿ ಕುಂಬಳೆಗೆ ಹೋದದ್ದು ಈ ಕಾರಿನಲ್ಲಿ. ಆಗ ಅದು ಹಸಿರು. ಮನೆಯಲ್ಲಿ ಒಂದು ಫೋಟೋ ಇದೆ, ಕಾರಿನ ಬಾಗಿಲಿಗೆ ಕೈಯಿಟ್ಟು ಉಪ್ಪ ನಿಂತದ್ದು. ಆದರೆ ಕಪ್ಪು-ಬಿಳುಪು. "ಫೋಟೋದಲ್ಲಿ ಬಣ್ಣ ಇಲ್ಲದಿದ್ದರೆ ಏನು, ನನ್ನ ತಲೆಯಲ್ಲಿ ಇದೆ" ಅಂದರು. ಅವರು ಏನನ್ನೂ ಕೇಳಿ ತೆಗೆದುಕೊಳ್ಳುವ ಜನ ಅಲ್ಲ. ನಲವತ್ತು ವರ್ಷ ಅಂಗಡಿಯ ಗಲ್ಲದಲ್ಲಿ ಕೂತು ಬೇರೆಯವರಿಗೆ ಬೇಕಾದ್ದನ್ನು ಅಳೆದು ಕೊಟ್ಟವರು. ಮಗನಲ್ಲಿ ಅವರು ಬಾಯಿಬಿಟ್ಟು ಕೇಳಿದ್ದು ಇದೊಂದು ಹಸಿರು.

ನಾನು ಇಕ್ಕಟ್ಟಿನಲ್ಲಿ ಬಿದ್ದೆ. ಫ್ಯಾಕ್ಟರಿಯಿಂದ ಬಂದ ಬಣ್ಣ ಬೂದು. ನಮ್ಮ ಊರು ಆ ಕಾರನ್ನು ನೆನಪಿಟ್ಟುಕೊಂಡ ಬಣ್ಣ ಹಸಿರು. ಯಾವುದು ಮೂಲ? ಕಾರು ಮಾರಿದವರ ಮಗನಿಗೆ ಫೋನ್ ಮಾಡಿದೆ. ನನ್ನ ಪ್ರಾಯದವನು. "ಅದು ಯಾವಾಗಲೂ ಬಿಳಿಯೇ ಇತ್ತಲ್ಲ!" ಅಂದ. ಅವನ ಬಾಲ್ಯದಲ್ಲಿ ಅದು ಬಿಳಿ. ಅವನ ಮಾತು ಸುಳ್ಳೂ ಅಲ್ಲ.

ಅವನಿಗೆ ಫೋನ್ ಮಾಡಿದ್ದರಿಂದ ಒಂದು ಲಾಭ ಆಯಿತು. ತಗಡಿನ ಪೆಟ್ಟಿಗೆಯಲ್ಲಿದ್ದ ಹಳೆಯ ಆರ್‌ಸಿ ಪುಸ್ತಕವನ್ನು ಹುಡುಕಿ ಕಳಿಸಿಕೊಟ್ಟ. ಕೈಬರಹದ ಪುಸ್ತಕ, ಹಾಳೆಯೆಲ್ಲ ಹಳದಿಯಾಗಿದೆ. ಬಣ್ಣದ ಕಾಲಂನಲ್ಲಿ ಮೊದಲು ಗ್ರೇ. ಅದರ ಮೇಲೆ ಒಂದು ಗೆರೆ ಎಳೆದು ಗ್ರೀನ್, ಪಕ್ಕದಲ್ಲಿ ಸಹಿ. ಅದನ್ನೂ ಹೊಡೆದು ವೈಟ್, ಇನ್ನೊಂದು ಸಹಿ. ಉಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. "ಈ ಗುಮಾಸ್ತ ಒಳ್ಳೆಯವ. ಕಡದ ಪುಸ್ತಕವನ್ನೂ ಹೀಗೆಯೇ ಬರೆಯಬೇಕು. ತಪ್ಪಿದರೆ, ಬದಲಾದರೆ, ಉಜ್ಜಿ ಅಳಿಸಬಾರದು. ಒಂದು ಗೆರೆ ಎಳೆದು ಮೇಲೆ ಬರೆಯಬೇಕು. ಕೆಳಗಿನದ್ದು ಓದಲಿಕ್ಕೆ ಆಗಬೇಕು. ಇಲ್ಲದಿದ್ದರೆ ಗಿರಾಕಿ ನಂಬುವುದು ಹೇಗೆ?"

ಎಷ್ಟೋ ದಿನ ಓದಿ ನನಗೆ ಹಿಡಿತಕ್ಕೆ ಸಿಗದಿದ್ದದ್ದನ್ನು ಉಪ್ಪ ಕಡದ ಪುಸ್ತಕ ಹಿಡಿದು ಹೇಳಿಬಿಟ್ಟಿದ್ದರು. ರಿಸ್ಟೋರೇಶನ್ ಅಂದರೆ ಅಷ್ಟೇ. ಮೇಲೆ ಬರೆಯಬಹುದು, ಕೆಳಗಿನದ್ದು ಓದಲು ಆಗಬೇಕು. ಟಿಂಕರಿಂಗ್ ಹೆಸರಿನಲ್ಲಿ ನಾವು ಮಾಡುವುದು ಪುಸ್ತಕದ ಹಾಳೆಯನ್ನೇ ಹರಿದು ಹೊಸ ಹಾಳೆ ಅಂಟಿಸುವ ಕೆಲಸ.

ಕೊನೆಗೆ ಹೊರಗೆ ಬೂದು ಹೊಡೆಸಿದೆ. ಉಪ್ಪನ ಮನಸ್ಸಿಗೆ ನೋವಾಯಿತು, ಎರಡು ದಿನ ಕಾರಿನ ಕಡೆ ಹೋಗಲಿಲ್ಲ. ನನಗೂ ಸುಲಭ ಇರಲಿಲ್ಲ. ಆದರೆ ನೆನಪನ್ನು ನೋಡಿ ಬಣ್ಣ ಹೊಡೆದರೆ ಯಾರ ನೆನಪು? ಉಪ್ಪನದು ಹಸಿರು, ಮಾರಿದವನದು ಬಿಳಿ, ನಾಳೆ ನನ್ನ ಮಗನದು ಇನ್ನೊಂದು. ಸೀಟಿನಡಿಯ ತಗಡು ಮತ್ತು ಆರ್‌ಸಿಯ ಮೊದಲ ಸಾಲು ಎರಡೂ ಒಂದೇ ಮಾತು ಹೇಳುತ್ತಿದ್ದವು. ಪೈಂಟ್ ಅಂಗಡಿಯ ಹುಡುಗ ಸ್ಕ್ಯಾನರ್ ತಂದು ಸೀಟಿನಡಿಯ ಬಣ್ಣವನ್ನೇ ಅಳೆದು ಕಲಸಿಕೊಟ್ಟ. ಮೆಟಾಲಿಕ್ ಮಿನುಗು ಬೇಡ ಅಂದೆ, ಆ ಕಾಲದ ಈ ಕಾರಿಗೆ ಅದು ಇರಲಿಲ್ಲ. ಡಿಕ್ಕಿಯ ಒಳಗೆ ಉಜ್ಜಿದ ಆ ಅಂಗೈಯಗಲದ ಜಾಗವನ್ನು ಮುಚ್ಚಲಿಲ್ಲ. ಬಿಳಿ, ಹಸಿರು, ಬೂದು ಮೂರೂ ಹಾಗೇ ಇವೆ, ತುಕ್ಕು ಹಿಡಿಯದಂತೆ ಮೇಲೆ ಕ್ಲಿಯರ್ ಲ್ಯಾಕರ್ ಹೊಡೆದಿದೆ. ಯಾರಾದರೂ ಕಾರು ನೋಡಲು ಬಂದರೆ ಈಗ ಉಪ್ಪನೇ ಡಿಕ್ಕಿ ತೆರೆದು, "ಇದು ನನ್ನ ಮದುವೆಯ ಬಣ್ಣ" ಅಂತ ತೋರಿಸುತ್ತಾರೆ.

ಇಷ್ಟು ಹೇಳಿದರೆ ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. ಹಾಗಾದರೆ ಮುಟ್ಟಲೇ ಬಾರದು, ತುಕ್ಕೂ ಚರಿತ್ರೆಯೇ ಅನ್ನುತ್ತಾರೆ. ಒಣಹವೆಯ ಊರಿನಲ್ಲಿ ಆ ಮಾತು ನಡೆದೀತು. ನಮ್ಮದು ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಕರಾವಳಿ. ಇಲ್ಲಿ ತಗಡು ಬಿಟ್ಟರೆ ಮುಂದಿನ ಮಳೆಗಾಲಕ್ಕೆ ಚರಿತ್ರೆಯೂ ಇಲ್ಲ, ತಗಡೂ ಇಲ್ಲ. ಬಾಗಿಲಿನ ಅಡಿಯಲ್ಲಿ ನೀರು ಇಳಿದುಹೋಗಲು ಸಣ್ಣ ತೂತುಗಳಿರುತ್ತವೆ, ಅವು ಕಟ್ಟಿಕೊಂಡರೆ ಬಾಗಿಲು ಒಳಗಿನಿಂದಲೇ ಕೊಳೆಯುತ್ತದೆ. ಕಾಲಡಿಯ ಫ್ಲೋರ್, ಬ್ಯಾಟರಿ ಕೂರುವ ತಟ್ಟೆ, ಸ್ಟೆಪ್ನಿ ಇಡುವ ಗುಂಡಿ, ಚಕ್ರದ ಕಮಾನು, ಇಷ್ಟು ಕಡೆ ಬೆರಳಿನಿಂದ ಒತ್ತಿ ನೋಡಿ. ಕೊಳೆತ ಭಾಗವನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಲೇಬೇಕು. ಕೊಳೆತದ್ದರ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಎರಡು ಮಳೆಗಾಲ ಕಾಣುವುದಿಲ್ಲ. ಆದರೆ ವೆಲ್ಡಿಂಗ್ ಮಾಡುವಾಗ ಚಾಸಿ ನಂಬರ್ ಕೊರೆದ ಜಾಗಕ್ಕೆ ಗ್ರೈಂಡರ್ ತಾಗಿಸಬೇಡಿ. ಅದು ಹೋದರೆ ಆರ್‌ಸಿ ಇದ್ದೂ ಇಲ್ಲದ ಹಾಗೆ.

ಪ್ರಾಣದ ವಿಷಯದಲ್ಲೂ ಹಟ ಬೇಡ. ಈ ಕಾರಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಡ್ರಮ್ ಹಾಗೆಯೇ ಇರಲಿ, ಒಳಗಿನ ಲೈನಿಂಗ್, ಪೈಪು, ಸಿಲಿಂಡರಿನ ರಬ್ಬರ್ ಎಲ್ಲ ಹೊಸತು ಇರಬೇಕು. ವಯರಿಂಗ್ ಹೊಸತು, ಟಯರು ಹೊಸತು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಹಳೆ ರಬ್ಬರಿಗೆ ಅದು ಆಗುವುದಿಲ್ಲ. ಹಾಗಾಗಿ ಪೆಟ್ರೋಲ್ ಪೈಪು, ಕಾರ್ಬ್ಯುರೇಟರಿನ ವಾಶರು ಬದಲಿಸಿದೆ. ಸೀಟ್ ಬೆಲ್ಟ್ ಆ ಕಾಲದಲ್ಲಿ ಇರಲಿಲ್ಲ, ನಾನು ಹಾಕಿಸಿದ್ದೇನೆ, ಬೇಡವೆಂದರೆ ತೂತು ಉಳಿಯದಂತೆ ಬಿಚ್ಚಲು ಬರುತ್ತದೆ. ಕಪ್ಪು ಪ್ಲೇಟಿನ ಮೇಲೆ ಬಿಳಿ ಅಕ್ಷರದ ಹಳೆ ನಂಬರ್ ಪ್ಲೇಟ್ ನೋಡಲು ಚೆಂದ, ಆದರೆ ಇಂದು ರಸ್ತೆಯಲ್ಲಿ ನಡೆಯುವುದಿಲ್ಲ. ಅದು ಅಂಗಡಿಯ ಗೋಡೆಯಲ್ಲಿದೆ, ಕಾರಿನಲ್ಲಿ ಬಿಳಿ ಪ್ಲೇಟ್ ಇದೆ. ನನ್ನ ಸೂತ್ರ ಇಷ್ಟೇ: ಕಣ್ಣಿಗೆ ಕಾಣುವುದು ಹಳೆಯದಿರಲಿ, ಜೀವ ಹಿಡಿಯುವುದು ಹೊಸತಿರಲಿ, ಬದಲಿಸಿದ್ದು ಒಂದು ನೋಟುಬುಕ್ಕಿನಲ್ಲಿರಲಿ. ಗುಜರಿಗೆ ಹೋದ ಎರಡು ಕ್ಯಾಪಿಗೆ ಬದಲು ತಂದ ಪದ್ಮಿನಿ ಕ್ಯಾಪಿನ ಒಳಗೆ ತಂದ ತಾರೀಕು ಕೊರೆದಿಟ್ಟಿದ್ದೇನೆ.

"ನಿನ್ನ ದುಡ್ಡು, ನಿನ್ನ ಕಾರು, ನಿನಗೆ ಬೇಕಾದ ಬಣ್ಣ ಹೊಡೆ, ಇಷ್ಟೆಲ್ಲ ಯಾಕೆ?" ಅನ್ನುವವರಿಗೆ ನನ್ನ ಉತ್ತರ: ಹೊಸ ಕಾರಾದರೆ ಸರಿ. 50 ವರ್ಷ ದಾಟಿದ ಸಾಮಾನು ನನ್ನ ಕೈಗೆ ಬರುವ ಮೊದಲು ಮೂರು ಮನೆಯವರ ಕೈಯಲ್ಲಿತ್ತು, ನನ್ನ ನಂತರ ಇನ್ನೊಬ್ಬರ ಕೈಗೆ ಹೋಗುತ್ತದೆ. ಮಧ್ಯದಲ್ಲಿ ಕೂತವನು ಹಿಂದಿನ ಲೆಕ್ಕ ಅಳಿಸಲು ಯಾರು? ಖರ್ಚಿನ ಮಾತಾದರೆ, ಅಲಾಯ್ ಚಕ್ರ, ಚರ್ಮದ ಸೀಟು, ದೊಡ್ಡ ಸ್ಟೀರಿಯೋ ಇವುಗಳಿಗೆ ಕೇಳಿದ ದುಡ್ಡಿನಲ್ಲಿ ನನ್ನ ಕಾರಿನ ಬಂಪರು, ಬೀಡಿಂಗಿನ ಕೆಲಸ ಪೂರ್ತಿ ಮುಗಿದು ಸ್ವಲ್ಪ ಉಳಿಯಿತು.

ಗಡಿಯವರಾದ ನಮಗೆ ಇದು ಬೇಗ ಅರ್ಥವಾಗಬೇಕು. ನಮ್ಮ ಅಂಗಡಿಯ ಬೋರ್ಡಿನಲ್ಲಿ ಅಜ್ಜನ ಕಾಲದ ಕನ್ನಡ ಅಕ್ಷರದ ಮೇಲೆ ಮಲಯಾಳ ಬಂದಿದೆ, ಅದರ ಮೇಲೆ ಫ್ಲೆಕ್ಸ್ ಬಂದಿದೆ. ಮಲಯಾಳ ಬರೆದದ್ದರ ಬಗ್ಗೆ ನನಗೆ ದೂರಿಲ್ಲ, ಗಿರಾಕಿ ಓದಬೇಕಲ್ಲ. ಆದರೆ ಹೋದ ಮಳೆಗಾಲದಲ್ಲಿ ಫ್ಲೆಕ್ಸ್ ಹರಿದು ಹಲಗೆ ಒದ್ದೆಯಾದಾಗ ಅಜ್ಜನ ಕನ್ನಡ ಅಕ್ಷರಗಳು ಮಸುಕಾಗಿ ಎದ್ದು ಕಂಡವು. ಬಣ್ಣ ಹೊಡೆದವನು ಉಜ್ಜದೆ ಮೇಲೆ ಹೊಡೆದಿದ್ದ, ಹಾಗಾಗಿ ಉಳಿದಿತ್ತು. ಆ ಹಲಗೆಯನ್ನು ಈಗ ಇಳಿಸಿ ಒಳಗಿಟ್ಟಿದ್ದೇನೆ.

ಮಂಜೇಶ್ವರದಿಂದ ಮುಳ್ಳೇರಿಯದ ತನಕ ಎಷ್ಟೋ ಮನೆಯ ಶೆಡ್ಡಿನಲ್ಲಿ ಇಂಥ ಫಿಯೆಟ್, ಅಂಬಾಸಿಡರ್, ಜೀಪು, ಲ್ಯಾಂಬ್ರೆಟಾ ಇನ್ನೂ ಇವೆ. ಗುಜರಿಯವನು ಕಿಲೋ ಲೆಕ್ಕದಲ್ಲಿ ಕೇಳಿಕೊಂಡು ಬರುತ್ತಾನೆ. ಕೊಡುವ ಮೊದಲು ಎರಡು ಕೆಲಸ ಮಾಡಿ. ಮನೆಯ ಪೆಟ್ಟಿಗೆಯಲ್ಲಿ ಆರ್‌ಸಿ ಪುಸ್ತಕ ಹುಡುಕಿ, ಮನೆಯ ಹಿರಿಯರನ್ನು ಆ ವಾಹನದ ಹತ್ತಿರ ಕರೆದುಕೊಂಡು ಹೋಗಿ ಕೇಳಿ. ಉಳಿಸಲು ಹೊರಟರೆ ಮೂರನೆಯ ಕೆಲಸ: ಬಣ್ಣದ ಡಬ್ಬಿ ತೆರೆಯುವ ಮೊದಲು ಸೀಟು ಎತ್ತಿ ನೋಡಿ. ಅಲ್ಲಿ ಇನ್ನೂ ಮೊದಲ ಬಣ್ಣ ಇರುತ್ತದೆ.